ಜೇಬಿನ ಬಾಯಿ

ಮೋಕಾ ರಸ್ತೆಯ ನಮ್ಮ ಖಾಸಗಿ ವಿಶ್ವವಿದ್ಯಾಲಯದಲ್ಲಿ
ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗ ಅಂದರೆ
ಒಂದು ಮೇಜು, ಒಂದು ಬೀರು, ನಾನು.
ಗೋಡೆಗೆ ಆರು ಊರಿನ ಆರು ಗಡಿಯಾರ.
ಸಿಯೋಲ್ ನಿಂತು ಎರಡು ತಿಂಗಳು,
ಸೆಲ್ಲಿನ ಬಿಲ್ಲು ಇನ್ನೂ ಪಾಸಾಗಿಲ್ಲ.

ಬುಧವಾರ ಪೋಲೆಂಡಿನವರ ಜೊತೆ ಒಡಂಬಡಿಕೆ.
ಸೋಮವಾರ ಸಂಜೆ ಕುಲಸಚಿವರಿಗೆ ನೆನಪಾಯಿತು: ಬಾವುಟ!
ಆನ್‌ಲೈನಿನಲ್ಲಿ ತರಿಸಿದರೆ ಶನಿವಾರ.
ನಾನು ಸ್ಕೂಟಿ ತಿರುಗಿಸಿದೆ
ಕೌಲ್ ಬಜಾರಿನ ಹೊನ್ನೂರವಲಿಯ ಕಡೆ.

ಇಪ್ಪತ್ತೆರಡು ವರ್ಷದಿಂದ ಜೀನ್ಸ್ ಹೊಲಿಯುವವನು,
ಹುಬ್ಬಿನಲ್ಲೂ ನೀಲಿ ಧೂಳು.
ಬಿಸ್ಕತ್ತಿನ ಡಬ್ಬಿಯಲ್ಲಿ ಸೊಂಟಕ್ಕೆ ಹಚ್ಚುವ ಚೀಟಿಗಳು:
ಮಿಲಾನೊ, ಟೆಕ್ಸಾಸ್, ಇನ್ನೊಂದರ ಕಾಗುಣಿತವೇ ತಪ್ಪು.
"ನಮಗೂ ಫಾರಿನ್ ಸಂಬಂಧ ಭಾಳ ಐತೆ ಮೇಡಂ,"
ಅಂದ. ನಗಲಿಲ್ಲ.

ಫೋನಿನಲ್ಲಿ ತೋರಿಸಿದೆ: ಮೇಲೆ ಬಿಳಿ, ಕೆಳಗೆ ಕೆಂಪು.
"ಚಕ್ರ, ಗಿಕ್ರ, ನಕ್ಷತ್ರ?"
ಏನೂ ಇಲ್ಲ.
"ಇಷ್ಟೇನಾ? ಪಾಪ."
ಜೇಬಿನ ಒಳಗೆ ಹಾಕುವ ಬಿಳಿ ತೆಗೆದ,
ಯಾರದೋ ಲಂಗದಲ್ಲಿ ಉಳಿದ ಕೆಂಪು ತೆಗೆದ,
ಮಿಷನ್ನಿನಲ್ಲಿದ್ದ ದಾರ ಬದಲಿಸಲಿಲ್ಲ.

ಬುಧವಾರ, ವೇದಿಕೆ. ಎರಡು ಬಾವುಟ, ನಡುವೆ ಗುಲಾಬಿಯ ಗುಚ್ಛ.
"ಲೋಡ್ಜ್ ನಗರದಿಂದ ಆಗಮಿಸಿರುವ" ಎಂದು
ಕುಲಸಚಿವರು ಮೂರು ಸಲ ಅಂದರು.
ಪಕ್ಕದ ಕಣದಿಂದ ಮೆಣಸಿನಕಾಯಿಯ ಘಾಟು ಬೀಸಿ
ಕುಲಾಧಿಪತಿಗಳಿಂದ ಹಿಡಿದು ಫೋಟೋದವನವರೆಗೆ
ಸಾಲಾಗಿ ಸೀನು.
ಕಣ್ಣೊರೆಸಿಕೊಂಡು ನೋಡುತ್ತೇನೆ:
ಮೇಲೆ ಕೆಂಪು, ಕೆಳಗೆ ಬಿಳಿ!
ಅಷ್ಟರಲ್ಲಿ ಸಹಿ ಆಗಿಹೋಗಿತ್ತು,
ಚಪ್ಪಾಳೆ ಕೂಡ,
ಇಂಡೋನೇಷ್ಯಾದ ಸಾಕ್ಷಿಯಲ್ಲಿ.

ಒಬ್ಬಳು ಕಂಡಿದ್ದಳು.
ಎಲ್ಲರೂ ಒಗ್ಗರಣೆ ಮಿರ್ಚಿಯ ಕಡೆ ನಡೆದ ಮೇಲೆ
ಪ್ರೊಫೆಸರ್ ಬೊಜೆನಾ ಕೋಲಿನಿಂದ ಬಾವುಟ ಕಳಚಿದಳು.
ಬೈಯುತ್ತಾಳೆ ಅಂದುಕೊಂಡು ನಿಂತೆ.
ಅವಳು ಬಣ್ಣ ನೋಡುತ್ತಿರಲಿಲ್ಲ.
ಬಿಳಿ ಕೆಂಪು ಕೂಡುವ ಕಡೆ ಜೋಡಿ ಹೊಲಿಗೆ,
ಜೀನ್ಸಿನ ಅದೇ ಅರಿಶಿನಗೆಂಪು ದಾರ.
ಬೆರಳು ಆ ಗೆರೆಯ ಮೇಲೆ ಹೋಯಿತು, ಬಂತು.

ನಮ್ಮೂರು ಲೋಡ್ಜ್ ಅಲ್ಲ, ವೂಚ್, ಅಂದಳು.
ವೂಚ್ ಅಂದರೆ ದೋಣಿ.
ಹೇಳಿಕೊಳ್ಳುವಂಥ ನದಿ ಇಲ್ಲ, ಇದ್ದದ್ದು ಬಟ್ಟೆಯ ಗಿರಣಿಗಳು.
ಮಗ್ಗದ ಸದ್ದಿಗೆ ಅಜ್ಜಿಯ ಕಿವಿ ಹೋಗಿತ್ತಂತೆ.
ಮದುವೆಗೆ ಹೋದರೆ ಗುರುತಿಲ್ಲದವರ ಕೋಟನ್ನೂ
ಹೊರಳಿಸಿ ಹೊಲಿಗೆ ಮುಟ್ಟುತ್ತಿದ್ದಳಂತೆ.

ನಾನು ಅವಳಿಗೆ ಬಳ್ಳಾರಿ ಕಲಿಸಿದೆ.
ಬಲ್ಲಾರಿ, ಅಂದಳು.
ಅಲ್ಲ, ನಾಲಿಗೆಯ ತುದಿ ಹಿಂದಕ್ಕೆ ಮಡಚು,
ಬಟ್ಟೆಯ ಅಂಚು ಮಡಚಿದ ಹಾಗೆ.
ಸ್ಕೂಟಿಯ ಹಿಂದೆ ಕೂತು ಮೋತಿ ಸರ್ಕಲ್ಲಿನವರೆಗೂ
ಮಡಚುತ್ತಲೇ ಇದ್ದಳು.

ಹೊನ್ನೂರವಲಿ ಬಾವುಟ ಕೈಗೆ ತಗೊಂಡ, ತಿರುವಿದ, ತಪ್ಪು ಕಂಡ,
ಒಪ್ಪಲಿಲ್ಲ.
"ಕೋಲಿಗೆ ಜೇಬು ಇಡು ಅಂದ್ರಿ, ಇಟ್ಟೆ.
ಜೇಬಿನ ಬಾಯಿ ಮೇಲಿರಬೇಕಾ, ಕೆಳಗಾ?
ಕೆಳಗಿದ್ರೆ ರೊಕ್ಕ ಬೀಳಲ್ವಾ ಮೇಡಂ?"
ನಾನು ಇಂಗ್ಲಿಷಿಗೆ ತಿರುಗಿಸುವುದರೊಳಗೆ
ಅವಳು ತನ್ನ ಪ್ಯಾಂಟಿನ ಜೇಬು ಮುಟ್ಟಿಕೊಂಡು
ನಗಲು ಶುರುಮಾಡಿದ್ದಳು.
ಅಕ್ಕಪಕ್ಕದ ಮಿಷನ್ನುಗಳು ನಿಂತವು.
ನೇತು ಹಾಕಿದ ಜೀನ್ಸೊಂದನ್ನು ಅವಳು ಒಳಹೊರಗು ಮಾಡಿ
ಹೊಲಿಗೆಯ ಮೇಲೆ ಬೆರಳಾಡಿಸಿದಳು.
ಅವನು ಆ ಬೆರಳನ್ನೇ ನೋಡಿದ.
"ಇವರಿಗೆ ಗೊತ್ತೈತೆ," ಅಂದ, ನನಗಲ್ಲ,
ಪಕ್ಕದ ಮಿಷನ್ನಿನವನಿಗೆ.
ಬಿಚ್ಚಿ ಸರಿಮಾಡುತ್ತೇನೆ ಎಂದು ಕತ್ತರಿ ಎತ್ತಿದರೆ
ಬೇಡ, ಬೇಡ, ಎಂದು ಬಾವುಟ ಮಡಚಿ
ಚೀಲದ ತಳಕ್ಕೆ ಸೇರಿಸಿದಳು.

ಈಗ ಮಾರ್ಚಿ. ಲೆಕ್ಕ ತಪಾಸಣೆ.
ಬಾವುಟ, ಪೋಲೆಂಡ್, ಒಂದು. ಎಲ್ಲಿ?
ಷರಾ ಕಾಲಂನಲ್ಲಿ ಬರೆದೆ: ವಿನಿಮಯವಾಗಿದೆ.
ಅದಕ್ಕೆ ಯಾರೂ ಏನೂ ಅನ್ನಲಿಲ್ಲ.
ತಕರಾರು ಬಂದದ್ದು ಎಂಬತ್ತು ರೂಪಾಯಿ ಹೊಲಿಗೆಯ ರಸೀದಿಗೆ.
ಹೊನ್ನೂರವಲಿ ಕೈಗೆ ಸಿಕ್ಕ ಚೀಟಿಯ ಬೆನ್ನಿಗೆ
ಬರೆದುಕೊಟ್ಟಿದ್ದ.
ಲೆಕ್ಕಾಧಿಕಾರಿ ಹೊರಳಿಸಿ ಓದಿದರು, ಕನ್ನಡಕ ತೆಗೆದರು:
"ಏನಮ್ಮ, ಮಿಲಾನೊದಲ್ಲಿ ಹೊಲಿಸಿದಿರಾ?"