ಇಳಿಜಾರು

ಚೀಟಿ ಎತ್ತಿದ್ದು ಮೂವತ್ತೆರಡು ಸಾವಿರ.
ಅದರಲ್ಲೇ ಬಚ್ಚಲು ಮುಗಿಯಬೇಕು, ನಲ್ಲಿ ಕನ್ನಡಿ ಸೇರಿ
ಎಂದು ಬರೆದುಕೊಂಡೆ, ಹಾಲಿನ ಲೆಕ್ಕದ ಹಿಂಬದಿಗೆ.

ಸಾಲಗಾಮೆ ರಸ್ತೆಯ ಅಂಗಡಿಯಲ್ಲಿ ಕೊನೇ ಲಾಟಿನ ಟೈಲ್ಸು:
ಹನ್ನೊಂದು ಬಾಕ್ಸು ಬಿಳಿ, ಮೂರು ನೀಲಿ,
ಮತ್ತೆ ಬಾಲವಿಲ್ಲದ ಒಂದು ಮೀನು.
ಬಾಲದ ಟೈಲು ಯಾರ ಮನೆ ಸೇರಿತೋ.
"ತಗೊಳ್ಳಿ ಅಕ್ಕ, ಮೀನಿಗೆ ದುಡ್ಡಿಲ್ಲ."

ಹಂಡೆ ತೂಕಕ್ಕೆ ಹೋಗಿ ಗೀಸರಾಗಿ ಬಂತು.
ಎಷ್ಟು ಕೇಜಿ ತೂಗಿತು? ಅಂದರು ಅತ್ತೆ. ಅಷ್ಟೇ.

ಗಾರೆಯ ಬಾಬಾಜಾನ್ ಕೇಳಿದ:
ಕನ್ನಡಿ ಎಷ್ಟೆತ್ತರ? ಷವರು? ಹಿಡಿಕೆ?
ಒಬ್ಬೊಬ್ಬರೇ ನಿಂತೆವು ಗೋಡೆಗೆ ಬೆನ್ನು ಕೊಟ್ಟು.
ಅವನ ಕಿವಿಯ ಪೆನ್ಸಿಲ್ಲು ಇಳಿದು ಗೀಟೆಳೆಯಿತು:
ಇವರು, ನಾನು, ತುದಿಗಾಲಲ್ಲಿ ಇಂಚರ.
ಅತ್ತೆ ಮಾತ್ರ ಕುಕ್ಕರಗಾಲಲ್ಲಿ ಕೂತು ಎದ್ದರು.
ಏಳುವಾಗ ಅವರ ಕೈ
ಗಾಳಿಯಲ್ಲಿ ಏನನ್ನೋ ಹುಡುಕಿದ ಜಾಗಕ್ಕೆ
ಒಂದು ಇಂಟು ಮಾರ್ಕು.

ನೆಲದ ಗಾರೆ ಒಣಗಿದ ದಿನ
ಇಂಚರ ಗೋಲಿ ಬಿಟ್ಟಳು.
ಮೋರಿಯ ಕಡೆ ಹೊರಟಿದ್ದು
ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ
ಮೂಲೆಗೆ ಹೋಗಿ ಕೂತಿತು.
ಬಾಬಾಜಾನ್ ಗೋಲಿ ನೋಡಿದ,
ನಾನು ಲೆಕ್ಕ ನೋಡಿದೆ: ಉಳಿದದ್ದು ನಾನೂರ ಹತ್ತು.
"ಮೂಟೆ ಸಿಮೆಂಟು ತರಿಸಿ. ಕೂಲಿ ಬೇಡ.
ತಪ್ಪು ನಂದು" ಅಂದು ಉಳಿ ಎತ್ತಿಕೊಂಡ.

ಈಗ ನೀರು ಹೇಳಿದ ಕಡೆಗೇ ಹೋಗುತ್ತದೆ.
ಗೀಟುಗಳೆಲ್ಲ ಟೈಲ್ಸಿನ ಒಳಗೆ.
ತಲೆಗೆ ನೀರು ಸುರಿದುಕೊಳ್ಳುವಾಗ ನೆನಪಾಗುತ್ತದೆ,
ಆ ಅರ್ಧ ಮೀನಿನ ಹಿಂದೆ
ಮಗಳು ಇನ್ನೂ ತುದಿಗಾಲಲ್ಲೇ ನಿಂತಿದ್ದಾಳೆ.

ಬಾಗಿಲಿಗೆ ಬಣ್ಣ ಬಾಕಿ.
ಮುಂದಿನ ಚೀಟಿಗೆ ನೋಡೋಣ.