ನಲವತ್ತೆರಡು ಗಂಟೆ

ಬ್ರಾಟಿಸ್ಲಾವಾದಲ್ಲಿ ಮಂಗಳವಾರ ಬೆಳಗ್ಗೆ
ಡ್ರಾಹೊಮಿರಾ ಮುಚ್ಚಳ ತೆಗೆಯುತ್ತಾಳೆ:
ಗುಲಾಬಿ ದ್ರವಕ್ಕೆ ಬುಡ ತಾಗಿಸಿ ಕೂತ
ಗುಂಡಿಯಗಲದ ಚರ್ಮ, ಒಂಬತ್ತು.
ಯಾರದೋ ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಮಿಕ್ಕದ್ದು,
ಬಿಡಿಬಿಡಿ ಜೀವಕೋಶವಾಗಿ
ಮತ್ತೆ ಪದರ ಪದರ ಬೆಳೆದದ್ದು.
ರೋಮವಿಲ್ಲ, ಮೈಯಿಲ್ಲ.
ಕಚಗುಳಿಯಿಟ್ಟರೆ ನಗುವವರಿಲ್ಲ.

ಮೂರಕ್ಕೆ ಬರಿಯ ನೀರು,
ಮೂರಕ್ಕೆ ಸುಡುವುದೆಂದು ಗೊತ್ತಿರುವ ಹನಿ,
ಉಳಿದ ಮೂರಕ್ಕೆ
ಪಾತ್ರೆ ತೊಳೆಯುವ ಹೊಸ ದ್ರಾವಣ, ನಿಂಬೆಯ ವಾಸನೆ.
ಒಂದು ಗಂಟೆ. ತೊಳೆದು, ಮತ್ತೆ ಬೆಚ್ಚನೆಯ ಗೂಡಿಗೆ.
ಇನ್ನು ನಲವತ್ತೆರಡು ಗಂಟೆ ಕಾಯಬೇಕು.

ಅವಳ ತಾಯಿ ಇದೇ ಅಂಗಳದ ಹಿಂದಿನ ಕಟ್ಟಡದಲ್ಲಿ
ಮೊಲಗಳಿಗೆ ಹುಲ್ಲು ಹಾಕುತ್ತಿದ್ದವಳು.
ಹೆಸರಿಡಬಾರದೆಂಬ ನಿಯಮ. ಇಟ್ಟಿದ್ದಳು.
ಒಂದು ಬುಬ್ಲಿನಾ, ಅಂದರೆ ನೀರ್ಗುಳ್ಳೆ.
ಬೋಳಿಸಿದ ಬೆನ್ನಿಗೆ ಸವರುವ ದಿನ
ಅದುಮಿ ಹಿಡಿಯುವವಳೂ ಅವಳೇ.
ಮನೆಗೆ ಬಂದರೆ ಊಟಕ್ಕೆ ಮೊದಲು
ಬಹಳ ಹೊತ್ತು ಕೈ ತೊಳೆಯುತ್ತಿದ್ದಳು,
ಗೆಣ್ಣು ಬಿರಿಯುವ ತನಕ.

ಗುರುವಾರ ಹಳದಿ ಬಣ್ಣ ಬಿಟ್ಟು ಮೂರು ತಾಸು.
ಬದುಕಿದ್ದ ಕೋಶ ಅದನ್ನು ನೇರಳೆ ಮಾಡುತ್ತದೆ,
ಸತ್ತದ್ದು ಏನೂ ಮಾಡುವುದಿಲ್ಲ.
ನೀರು ಕುಡಿದ ಮೂರೂ
ನೇರಳೆಹಣ್ಣು ತಿಂದ ಮಕ್ಕಳ ನಾಲಿಗೆ.
ನಿಂಬೆಯ ಮೂರು ಮಸುಕು ಮಸುಕು:
ನೂರಕ್ಕೆ ಮೂವತ್ತೊಂದು.
"ಉರಿಸುತ್ತದೆ" ಎಂದು ಬರೆದು ಸಹಿ ಹಾಕಿದಳು.

ರಾತ್ರಿ ಫೋನಿನಲ್ಲಿ ತಾಯಿಯದು ಎಂದಿನ ಪ್ರಶ್ನೆ:
"ನೋವಾಯಿತೇ ಅದಕ್ಕೆ?"
"ನೋಯಲು ಯಾರೂ ಇಲ್ಲಮ್ಮಾ ಅಲ್ಲಿ."

ಆಚೆ ಕಡೆಯಿಂದ ಮಾತಿಲ್ಲ.
ನಲ್ಲಿಯ ನೀರು ಸುರಿಯುವ ಸದ್ದು,
ಇನ್ನೂ ನಿಲ್ಲಿಸಿಲ್ಲ.