ಸೇರು

ರಾತ್ರಿಪಾಳಿ ಮುಗಿಸಿ ಬಂದರೆ ಮೈಯೆಲ್ಲ ಮರಳು.
ಜೈಬು ಆಗಲೇ ಎದ್ದು ಹೊಸ್ತಿಲ ಮೇಲೆ ಕೂತಿದ್ದಾಳೆ,
ಬೆಲ್ಲದ ಪೊಟ್ಟಣ ಬಿಚ್ಚಿ, ಅಂಟಿದ ಹಳೇ ಪೇಪರಿನಲ್ಲಿ
ಯಾರದೋ ಟೆಂಡರ್ ನೋಟೀಸು ಓದುತ್ತ.
"ಅಪ್ಪಾ, ಠೇವಣಿ ಅಂದ್ರೇನು?"
ಆರು ತುಂಬಿಲ್ಲ ಇನ್ನೂ. ಮುಂದಿನ ಹಲ್ಲು ಎರಡು ಬಿದ್ದಿವೆ.

ಯಾರೂ ಕಲಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ.
ಮೂರರಲ್ಲಿ ಮಂಡಕ್ಕಿ ಚೀಲದ ಮೇಲಿನ ಅಕ್ಷರಕ್ಕೆ ಬೆರಳಿಟ್ಟು
ಇದೂ ಅದೂ ಒಂದೇ ಅಂದಳು. ಅಷ್ಟೇ.
ಮುಂದಿನದನ್ನು ತಾನೇ ಬಿಡಿಸಿಕೊಂಡಳು,
ನನ್ನವ್ವ ಹತ್ತಿ ಬಿಡಿಸುತ್ತಿದ್ದ ಹಾಗೆ,
ಗಂಟು ಸಿಕ್ಕಲ್ಲಿ ನಿಂತು, ಊದಿ, ಮತ್ತೆ.

ಜೂನಿನಲ್ಲಿ ಸರ್ಕಾರಿ ಶಾಲೆಗೆ ಹಾಕಿದೆವು.
ಹನ್ನೊಂದು ದಿನ ಹೋದಳು.
ಹನ್ನೆರಡನೆಯ ದಿನ ಕೊಟ್ರಮ್ಮ ಟೀಚರ್ ನನ್ನ ಕರೆಸಿ
ಬಾಗಿಲ ಹೊರಗೆ ಮೆಲ್ಲಗೆ ಹೇಳಿದರು:
"ನಾನು ಅ ಬರೆಸ್ತೀನಿ. ಇವಳು ಕಿಟಕಿ ನೋಡ್ತಾಳೆ.
ಬೈದಿಲ್ಲ, ಹೊಡೆದಿಲ್ಲ. ನಲವತ್ತೆಂಟು ಮಕ್ಕಳು, ರಾಜಾಸಾಬ್,
ಒಂದೇ ಕೊಡ ನೀರು ನನ್ನ ಹತ್ರ."
ಅವರ ಸೆರಗಿಗೆ ಸೀಮೆಸುಣ್ಣ ಹತ್ತಿತ್ತು.
ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಮನೆಯಲ್ಲೇ ಉಳಿಸಿಕೊಂಡೆ. ಹಗಲು ನಾನಿರುತ್ತೇನಲ್ಲ.
ಏಳನೇ ಕ್ಲಾಸಿಗೆ ಬಿಟ್ಟವನು ಮೇಷ್ಟ್ರು.
ಎರಡು ತಾಸು ನಿದ್ದೆ, ಆಮೇಲೆ ಪಾಠ.
ಭಟ್ಟಿ ಧಣಿಯ ಚೀಲದ ಲೆಕ್ಕ ಕೊಟ್ಟರೆ
ನನ್ನ ಚಾ ಆರುವ ಮೊದಲೇ ಉತ್ತರ.
ಸೇರಿಗೆ ನಾಲ್ಕು ಪಾವು ಅಂದೆ.
"ಶಾಲೆಗೆ ಸೇರು ಅಂತಾರಲ್ಲ, ಅದಕ್ಕೆಷ್ಟು ಪಾವು?"
ನಾನು ನಕ್ಕೆ. ಅವಳು ನಗಲಿಲ್ಲ.
ನಾಲ್ಕೇ ತಿಂಗಳಿಗೆ ನನ್ನ ಏಳು ಕ್ಲಾಸು ಖಾಲಿ.

ಮೊನ್ನೆ ಕೇಳಿದಳು:
"ಅಕ್ಕಿ ಮಂಡಕ್ಕಿ ಆದ್ರೆ ತೂಕ ಹೆಚ್ಚಾಗಲ್ಲ,
ಸೇರು ಮಾತ್ರ ತುಂಬ್ತೈತಿ. ಒಳಗಿನ ಜಾಗದಾಗ ಏನೈತಿ?"
ಇಪ್ಪತ್ತು ವರ್ಷ ಅದೇ ಮರಳು ಕೆದಕಿದ ಕೈ ಇದು,
ಒಮ್ಮೆಯೂ ಕೇಳಿಕೊಂಡಿರಲಿಲ್ಲ.
ಗಾಳಿ ಅಂದೆ. ಎಲ್ಲಿಂದ ಬಂತು ಅಂದಳು.
ನಿದ್ದೆ ಹತ್ತಿದವನಂತೆ ಮಗ್ಗುಲಾದೆ.

(ಮಗುವೂ ಅಕ್ಕಿಯ ಹಾಗೆ, ಹದ ನೋಡಿ ಹುರಿಯಬೇಕು
ಎನ್ನುವವರಿದ್ದಾರೆ. ಅವರು ಹುರಿದವರಲ್ಲ.
ಬಾಣಲೆಯಿಂದ ಸಿಡಿದ ಕಾಳನ್ನು ನಾವು ಗುಡಿಸುತ್ತೇವೆ.
ಮಗುವಿನ ಬಗ್ಗೆ ಹಾಗೆ ಮಾತಾಡಬಾರದು.)

ಮಾಬುನ್ನಿ ಬೇರೆಯದೇ ನೋಡಿದ್ದಳು.
"ನಲ್ಲಿ ಹತ್ರ ಹುಡುಗ್ರು ಲಗೋರಿ ಆಡ್ತಿದ್ರು,
ನಿನ್ ಮಗಳು ದೂರ ನಿಂತು ಕಲ್ಲು ಎಣಿಸಿದ್ಲು.
ಕರೆದ್ರೂ ಹೋಗ್ಲಿಲ್ಲ. ಔಟಾದ್ರೆ ಏನ್ಮಾಡೋದು ಅಂತ ನನ್ನ ಕೇಳಿದ್ಲು."
ರೊಟ್ಟಿ ತಟ್ಟುವ ಕೈ ನಿಲ್ಲಿಸಲಿಲ್ಲ.
"ಸೋಲೋದನ್ನ ಮನ್ಯಾಗ ಹೆಂಗ ಕಲಿಸ್ತಿ?
ಇಲ್ಲಿ ದಿನಾ ಸೋಲೋನು ನೀನೇ."

ನಿನ್ನೆ ಸಂಜೆ ಒಂದನೇ ಕ್ಲಾಸಿನ ತಿಪ್ಪೇಶ ಬಂದ,
ಬಿಸಿಯೂಟದ ಅರ್ಧ ಮೊಟ್ಟೆ ಜೇಬಿನಲ್ಲಿಟ್ಟುಕೊಂಡು, ಇವಳಿಗೆಂದು.
ಅ ಇನ್ನೂ ಉಲ್ಟಾ ಬರೆಯುತ್ತಾನಂತೆ.
ಆದರೆ ಹೊಂಗೆ ಎಲೆ ಸುತ್ತಿ ಅವನು ಊದಿದನೆಂದರೆ
ಅಶೋಕ ರಸ್ತೆಯ ಗೇಟು ಬೀಳಬೇಕು, ಅಂಥ ರೈಲು.
ಜೈಬು ಊದಿದಳು. ಹಲ್ಲಿಲ್ಲದ ಸಂದಿನಿಂದ ಗಾಳಿ ಸೋರಿತು.
ಮತ್ತೆ ಊದಿದಳು. ಬರೀ ಉಗುಳು. ಅತ್ತಳು.
ಅವನು ಎಲೆ ಬಿಚ್ಚಿ ಮತ್ತೆ ಸುತ್ತಿ ಕೊಟ್ಟ:
"ಗಟ್ಟಿ ಹಿಡೀಬ್ಯಾಡ. ಹಗೂರಕ."

ಬೆಳಿಗ್ಗೆ ಟೀಚರನ್ನು ಕೇಳಿ ಬಂದೆ:
ಊಟದವರೆಗೆ ನಿಮ್ಮಲ್ಲಿ, ಆಮೇಲೆ ನನ್ನ ಹತ್ರ, ನಡೆಯುತ್ತಾ?
ರಿಜಿಸ್ಟರಿನಲ್ಲಿ ಅರ್ಧ ಮಗುವಿಗೆ ಕಾಲಮ್ಮಿಲ್ಲ ಅಂದರು.
ಸ್ವಲ್ಪ ಹೊತ್ತು ಬಿಟ್ಟು, ನೋಡೋಣ ಅಂದರು.
ನಾಲ್ಕನೇ ಕ್ಲಾಸಿನ ಗಣಿತ ತೆಗೆದು ಕೈಗಿಟ್ಟರು,
ಧೂಳು ಒರೆಸಿ.

ಪಾಳಿಗೆ ಹೊರಟಿದ್ದೇನೆ. ಸಮವಸ್ತ್ರ ಹಗ್ಗದ ಮೇಲಿದೆ, ಹಸಿ.
ನಾಳೆ ಹಾಕಿಕೊಳ್ಳುತ್ತಾಳೋ, ತಿಳಿಯದು.
ಒಳಗೆ ಪೀ ಎಂದು ಶುರುವಾಗಿ ನಿಲ್ಲುತ್ತದೆ,
ಸಿಟ್ಟಿಗೆ ಇನ್ನೊಂದು ಎಲೆ ಕಿತ್ತ ಸದ್ದು.
ತಿಪ್ಪೇಶ ಮುರಿದು ಕೊಟ್ಟ ಟೊಂಗೆಯಲ್ಲಿ
ಇನ್ನು ನಾಲ್ಕೇ ಎಲೆ.